ನಾರಾನಾಗಕ್ಕೆ ಹೊರಟವರ ನಾಡಿ ಲೆಕ್ಕ

ಕಾಶ್ಮೀರದ ಮಾತು ಹುಟ್ಟಿದ್ದು ಪಟ್ಟದಕಲ್ಲಿನಲ್ಲಿ, ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿ ಕುಳಿತಾಗ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನಾಗ ಹುನಗುಂದದ ಒಂದು ಕಾಲೇಜಿನಲ್ಲಿ ದೈಹಿಕ ಶಿಕ್ಷಣದ ಮಾಸ್ತರ. ಹುಡುಗರ ಬಾಯಲ್ಲಿ ಪೀಟಿ ಸರ್. ಇತಿಹಾಸದ ಪ್ರಾಧ್ಯಾಪಕರು ಪ್ರತಿ ವರ್ಷ ಬಿ.ಎ. ಕೊನೆಯ ವರ್ಷದವರನ್ನು ಬಾದಾಮಿ, ಮಹಾಕೂಟ, ಪಟ್ಟದಕಲ್ಲು ಸುತ್ತಿಸಿ ತರುತ್ತಿದ್ದರು. ಎಣಿಸಿ ಕರೆದೊಯ್ದು ಎಣಿಸಿ ವಾಪಸು ತರುವುದಕ್ಕೆ ನಾನು ಜೊತೆಗೆ.

ಅಂದು ಊಟದ ನಡುವೆ ಪ್ರಾಧ್ಯಾಪಕರು ಒಂದು ಮಾತು ಹೇಳಿದರು. ಇಲ್ಲಿ ಚಾಲುಕ್ಯರು ಕಲ್ಲು ಕಡಿಸುತ್ತಿದ್ದ ಅದೇ ಎಂಟನೆಯ ಶತಮಾನದಲ್ಲಿ ಕಾಶ್ಮೀರದಲ್ಲೂ ಒಬ್ಬ ಅರಸ ಹರಮುಖ ಪರ್ವತದ ಬುಡದಲ್ಲಿ ಗುಡಿಗಳ ಗುಂಪೊಂದನ್ನು ಕಟ್ಟಿಸಿದ. ಊರು ನಾರಾನಾಗ. ಏಳು ಸಾವಿರ ಅಡಿ ಎತ್ತರ. ಈಗ ಎಲ್ಲ ಪಾಳು. ಅಡವಿಯ ನಡುವೆ ಗೋಡೆಗಳು ಮಾತ್ರ ನಿಂತಿವೆ.

"ಅಲ್ಲಿ ಅಳತಿ ಯಾರರ ತಗದಾರೇನ್ರಿ ಸರ್?" ಎಂದು ಕೇಳಿದವಳು ಇಳಕಲ್ಲಿನ ಹುಡುಗಿ. ತಂದೆ ಇಲ್ಲದ ಮನೆ. ತಾಯಿ ಸೀರೆಯ ಮಗ್ಗ ನಡೆಸಿ ಮಗಳನ್ನು ಓದಿಸುತ್ತಿದ್ದಳು. ದಿನಾಲು ಬಸ್ಸಿನಲ್ಲಿ ಹುನಗುಂದಕ್ಕೆ ಬರುತ್ತಿದ್ದ ಈ ಹುಡುಗಿ, ಮಹಾಕೂಟದ ಒಂದೊಂದು ಗುಡಿಯ ತಳವಿನ್ಯಾಸವನ್ನೂ ದಾರ, ಟೇಪು ಹಿಡಿದು ಅಳೆದು ಕಾಗದದ ಮೇಲೆ ಇಳಿಸಿದ್ದಳು.

"ಪರದೇಶದವರು ಯಾರೋ ಹಿಂದ ತಗದಿದ್ದಾರು. ನಮ್ಮ ಗುಡಿ ಜೋಡಿ ಇಟ್ಟು ಯಾರೂ ನೋಡಿಲ್ಲವಾ," ಎಂದರು ಪ್ರಾಧ್ಯಾಪಕರು.

"ಹಂಗಿದ್ರ ನಾವ ಹೋಗೂಣಲ್ರಿ."

ಎಲ್ಲರೂ ನಕ್ಕರು. ಆಕೆ ನಗಲಿಲ್ಲ. ವಾರದೊಳಗೆ ಹದಿನೆಂಟು ಹೆಸರುಗಳಿದ್ದ ಅರ್ಜಿ ಪ್ರಾಚಾರ್ಯರ ಮೇಜಿನ ಮೇಲಿತ್ತು: ಹದಿಮೂರು ಹುಡುಗರು, ಐದು ಹುಡುಗಿಯರು. ಪರೀಕ್ಷೆ ಮುಗಿದ ಮೇಲೆ, ಮೇ ತಿಂಗಳಲ್ಲಿ ಹೊರಡುವುದೆಂದಾಯಿತು. ಪ್ರವಾಸದ ಏರ್ಪಾಡೆಲ್ಲ ನನ್ನ ಪಾಲಿಗೆ ಬಂತು. ಕಾರಣ, ನಾನು ಹಿಂದೊಮ್ಮೆ ಹಿಮಾಲಯದಲ್ಲಿ ಇಪ್ಪತ್ತೆಂಟು ದಿನದ ಪರ್ವತಾರೋಹಣ ತರಬೇತಿ ಮುಗಿಸಿ ಬಂದಿದ್ದೆ. ಆ ತರಬೇತಿಯಲ್ಲಿ ನನ್ನ ಡೇರೆಯಲ್ಲೇ ಇದ್ದ ಒಬ್ಬ ಗಟ್ಟಿಮುಟ್ಟಾದ ಯುವಕ, ಎದೆ ಬಿಗಿಯುತ್ತಿದ್ದುದನ್ನು ಯಾರಿಗೂ ಹೇಳದೆ ಎರಡು ದಿನ ಮೇಲಕ್ಕೆ ನಡೆದ. ಮೂರನೆಯ ದಿನ ನಾಲ್ವರು ಅವನನ್ನು ಹೊತ್ತು ಇಳಿದೆವು. ಕೆಳಗೆ ಮುಟ್ಟಿಸುವಷ್ಟರಲ್ಲಿ ಹೋಗಿದ್ದ. ಈ ವಿಷಯ ಕಾಲೇಜಿನಲ್ಲಿ ಯಾರಿಗೂ ಹೇಳಿರಲಿಲ್ಲ. ಆದರೆ ನಾನು ಮಾಡಿದ ಏರ್ಪಾಡೆಲ್ಲ ಅದರ ಮೇಲೆಯೇ ನಿಂತಿತ್ತು.

ಮೊದಲ ತೊಡಕು ನಕಾಶೆಯದು. ಗಡಿಗೆ ಹತ್ತಿರದ ಪ್ರದೇಶವಾದ್ದರಿಂದ ವಿವರವಾದ ನಕಾಶೆ ನಮ್ಮಂಥವರಿಗೆ ಸಿಗುವಂತಿರಲಿಲ್ಲ. ಶಾಲೆಯ ಭೂಪಟದಲ್ಲಿ ಹರಮುಖ ಒಂದು ಕಪ್ಪು ಚುಕ್ಕೆ. ಕೊನೆಗೆ, ಕಣಿವೆಯ ಬಾಯಲ್ಲಿರುವ ಕಂಗನ್ ಎಂಬ ಊರಿನ 'ಶಾಲೆಯ ಮುಖ್ಯಾಧ್ಯಾಪಕರಿಗೆ' ಎಂದಷ್ಟೇ ವಿಳಾಸ ಬರೆದು ಇಂಗ್ಲಿಷಿನಲ್ಲಿ ಒಂದು ಕಾಗದ ಹಾಕಿದೆ. ಬಸ್ಸು ಎಲ್ಲಿಯವರೆಗೆ, ನಡಿಗೆ ಎಷ್ಟು, ಮಲಗಲು ಏನು ವ್ಯವಸ್ಥೆ, ಗುಡಿಗಳ ಮೇಲೆ ಹನ್ನೊಂದು ಸಾವಿರ ಅಡಿಯಾಚೆ ಇರುವ ಕೆರೆಯವರೆಗೆ ಹೋಗಬಹುದೆ, ಇಷ್ಟು ಪ್ರಶ್ನೆ. ಹುಡುಗರಿಗೆ ಆ ಕೆರೆಯ ಹುಚ್ಚು ಹಿಡಿದಿತ್ತು.

ದಾರಿ ಹೀಗೆ ಹಾಕಿದೆ: ಬಾಗಲಕೋಟೆಯಿಂದ ಮೀಟರ್‌ಗೇಜ್ ಗಾಡಿಯಲ್ಲಿ ವಿಜಾಪುರ ದಾಟಿ ಸೊಲ್ಲಾಪುರ, ಅಲ್ಲಿ ದೊಡ್ಡ ಗಾಡಿ ಹಿಡಿದು ದಿಲ್ಲಿ, ದಿಲ್ಲಿಯಿಂದ ಜಮ್ಮು. ಜಮ್ಮುವಿಗೆ ರೈಲು ಬಂದು ಆಗಿನ್ನೂ ಕೆಲವೇ ವರ್ಷ. ಅಲ್ಲಿಂದ ಎರಡು ದಿನ ಬಸ್ಸು, ಶ್ರೀನಗರದಲ್ಲಿ ನಾಲ್ಕು ದಿನ ತಂಗಿ ಎತ್ತರಕ್ಕೆ ಮೈ ಒಗ್ಗಿಸಿಕೊಳ್ಳುವುದು, ಆಮೇಲೆ ಕಣಿವೆ. ವಿದ್ಯಾರ್ಥಿ ರಿಯಾಯಿತಿಯ ನಮೂನೆಗಾಗಿ ಹುಬ್ಬಳ್ಳಿಗೆ ಮೂರು ಸಲ ಹೋಗಬೇಕಾಯಿತು. ಒಮ್ಮೆ ಮುದ್ರೆಯ ಸಿಕ್ಕಾ ಇಲ್ಲ, ಒಮ್ಮೆ ಸಿಕ್ಕಾ ಇದೆ ಸಹಿ ಇಲ್ಲ.

ನಮ್ಮ ಬಿಸಿಲು ನಾಡಿನಲ್ಲಿ ಯಾರ ಮನೆಯಲ್ಲೂ ಸ್ವೆಟರ್ ಇರಲಿಲ್ಲ. ಹುನಗುಂದದ ಹತ್ತಿರದ ಹಳ್ಳಿಯಲ್ಲಿ ಕುರಿ ಸಾಕಿ ಕಂಬಳಿ ನೇಯುವ, ಬೀರಪ್ಪನ ಒಕ್ಕಲಿನ ಮನೆಯೊಂದಕ್ಕೆ ಹೋದೆ. ಕಂಬಳಿ ನೀರು ತಡೆಯುತ್ತದೆಂದು ತೋರಿಸಲು ಆ ಮನೆಯ ಹಿರಿಯ ಒಂದನ್ನು ನಾಲ್ಕು ಮೂಲೆಗೆ ಕಟ್ಟಿ, ನಡುವೆ ಒಂದು ತಂಬಿಗೆ ನೀರು ಸುರಿದ. ಇಬ್ಬರೂ ಕೆಳಗೆ ಬಗ್ಗಿ ನೋಡುತ್ತ ಕುಳಿತೆವು. ಬಹಳ ಹೊತ್ತಿನ ಮೇಲೆ ಒಂದು ಹನಿ ಬಿತ್ತು.

"ಹಿಮ ಅಂದ್ರ ಹೆಂಗಿರ್ತೈತ್ರಿ ಮಾಸ್ತರ? ಆಣೀಕಲ್ಲು ಬಿದ್ದಂಗೇನು?"

"ಆಣೀಕಲ್ಲು ಬಿದ್ದು ಕರಗಿ ಹೋಗ್ತೈತಿ. ಇದು ಬಿದ್ದಲ್ಲೇ ಕುಂದರ್ತೈತಿ."

"ಹಂಗಿದ್ರ ಜೋಡಿ ಕಂಬಳಿ ಒಯ್ರಿ," ಎಂದ.

ಇನ್ನು ಮೈ ತಯಾರಿ. ಪ್ರತಿ ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ಬಾದಾಮಿ. ಕೆರೆಯ ಬಡಗಣ ಗುಡ್ಡದಲ್ಲಿ ಬಂಡೆಯ ಸೀಳಿನೊಳಗಿಂದ ಮೇಲಿನ ಶಿವಾಲಯಕ್ಕೆ ಹತ್ತುವ ಮೆಟ್ಟಿಲುಗಳಿವೆಯಲ್ಲ, ಅಲ್ಲಿ ಬೆನ್ನಿಗೆ ಹತ್ತು ಸೇರು ಉಸುಕಿನ ಚೀಲ ಕಟ್ಟಿ ಮೂರು ಸಲ ಹತ್ತಿಸಿ ಇಳಿಸುತ್ತಿದ್ದೆ. ಆಮೇಲೆ ನಾಡಿ ಪರೀಕ್ಷೆ. ಒಂದೂವರೆ ಅಡಿ ಎತ್ತರದ ಕಲ್ಲಿನ ಮೇಲೆ ಮೂರು ನಿಮಿಷ ಹತ್ತುವುದು, ಇಳಿಯುವುದು. ನಂತರ ಕುಳಿತು ಒಂದನೆಯ, ಎರಡನೆಯ, ಮೂರನೆಯ ನಿಮಿಷಕ್ಕೆ ನಾಡಿ ಎಣಿಸಿ ಬರೆಯುವುದು. ಓಡಿದ ನಾಡಿ ಎಷ್ಟು ಬೇಗ ಕೆಳಗಿಳಿಯುತ್ತದೆ ಎಂಬುದರಲ್ಲಿ ಹೃದಯದ ಗಟ್ಟಿತನ ಗೊತ್ತಾಗುತ್ತದೆ. ಹುಡುಗಿಯರ ಕೈ ನಾನು ಹಿಡಿಯುವಂತಿರಲಿಲ್ಲ. ಅವರವರೇ ಜೋಡಿ ಜೋಡಿಯಾಗಿ ಎಣಿಸಿ, ನಾನಿಟ್ಟ ಪುಸ್ತಕದಲ್ಲಿ ಬರೆಯುತ್ತಿದ್ದರು. ಇಳಕಲ್ಲಿನ ಹುಡುಗಿಯ ಜೋಡಿ ಕಮತಗಿಯ ಗೆಳತಿ.

ನಾಲ್ಕನೆಯ ಭಾನುವಾರದ ಮರುದಿನ ಕಾಲೇಜಿನಲ್ಲಿ ಕುಳಿತು ಪುಸ್ತಕ ತಿರುವಿ ಹಾಕುತ್ತಿದ್ದೆ. ಎಲ್ಲರ ಅಂಕಿಗಳೂ ಒಂದು ವಾರ ಏರಿ ಒಂದು ವಾರ ಇಳಿದಿದ್ದವು. ಒಬ್ಬನಿಗೆ ನಿದ್ದೆಗೆಟ್ಟಿತ್ತು, ಒಬ್ಬಳಿಗೆ ಉಪವಾಸ, ಒಬ್ಬನಿಗೆ ನೆಗಡಿ. ಇಳಕಲ್ಲಿನ ಹುಡುಗಿಯ ಹೆಸರಿನ ಮುಂದೆ ಮಾತ್ರ ಮೊದಲ ವಾರ 128, 110, 96. ಎರಡನೆಯ ವಾರ 126, 108, 94. ಮೂರನೆಯ ವಾರ 124, 106, 92. ನಾಲ್ಕನೆಯದಕ್ಕೂ ಎರಡೆರಡೇ ಕಡಿಮೆ. ಮನುಷ್ಯರ ನಾಡಿ ಹೀಗೆ ಮೆಟ್ಟಿಲು ಕಡಿದಂತೆ ಇಳಿಯುವುದಿಲ್ಲ.  ಒಂದು ತಿಂಗಳು ಈ ಅಂಕಿಗಳನ್ನು ನೋಡಿ ನಾನೇ 'ಉತ್ತಮ' ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದೆ.

 ಮುಂದಿನ ಭಾನುವಾರ ಬಾದಾಮಿಯಿಂದ ಗುಡ್ಡದ ಹಳೆಯ ಕಾಲುದಾರಿ ಹಿಡಿದು ಮಹಾಕೂಟಕ್ಕೆ ನಡೆಸಿದೆ. ಯಾವತ್ತೂ ಮುಂದೆ ನಡೆಯುವವನು ಅಂದು ಎಲ್ಲರ ಹಿಂದೆ ಉಳಿದೆ. ಏರು ಅರ್ಧ ಮುಗಿಯುವಷ್ಟರಲ್ಲಿ ಗೆಳತಿಯ ಹೆಗಲ ಮೇಲೆ ಎರಡು ಚೀಲ ಕಂಡವು. ಮತ್ತೆ ಸ್ವಲ್ಪ ದೂರಕ್ಕೆ ಇಳಕಲ್ಲಿನ ಹುಡುಗಿ ಒಂದು ಬಂಡೆಗೆ ಆತು ನಿಂತಳು. ಕೆನ್ನೆ ಕೆಂಪಗೆ, ತುಟಿ ಮಾತ್ರ ನೇರಳೆಹಣ್ಣು ತಿಂದವರ ಹಾಗೆ ನೀಲಿ. ಬಾಯಿ ತೆರೆದು ಗಾಳಿ ಎಳೆಯುತ್ತಿದ್ದಳು.

"ಕೈ ಕೊಡು ತಂಗಿ," ಎಂದೆ.

ಆಕೆ ಕೈ ಹಿಂದಕ್ಕೆಳೆದುಕೊಂಡಳು. ಇನ್ನೊಮ್ಮೆ ಕೇಳಿದೆ. ಕೊಟ್ಟಳು. ಎಣಿಸಲು ಬರಲಿಲ್ಲ. ನಾಡಿ ಓಡುತ್ತಿತ್ತು, ನಡುವೆ ತಪ್ಪುತ್ತಿತ್ತು, ತಪ್ಪಿದ್ದನ್ನು ಹಿಡಿಯಲು ಮತ್ತೆ ಓಡುತ್ತಿತ್ತು. ಐದು ನಿಮಿಷ ಕಳೆದರೂ ಇಳಿಯಲಿಲ್ಲ.

ಗೆಳತಿ ಅಳತೊಡಗಿದಳು. "ನಾನ ಬರದೇನ್ರಿ ಸರ್. ಅಕಿ ಹೇಳಿಲ್ರಿ."

"ಸುಳ್ಳ ಹೇಳತಾಳ್ರಿ," ಎಂದಳು ಇವಳು, ಒಂದೊಂದೇ ಮಾತಿಗೆ ಉಸಿರು ಹುಡುಕುತ್ತ. "ನಾನ ಬರಸೀನಿ."

"ಎಷ್ಟು ದಿನದಿಂದ ಹಿಂಗ?"

"ಭಾಳ ದಿನಾ ಆತ್ರಿ. ರಾತ್ರಿ ಎರಡು ತಲಿದಿಂಬು ಇಟ್ಟರ ನಿದ್ದಿ ಬರ್ತೈತಿ, ಇಲ್ಲಂದ್ರ ಇಲ್ಲ. ಸರ್, ನನ್ನ ಹೆಸರು ತಗೀಬ್ಯಾಡ್ರಿ. ಅಲ್ಲಿ ನಾ ಸಾವಕಾಶ ನಡೀತೇನ್ರಿ."

ಕುಳ್ಳಿರಿಸಿ ಕುಳ್ಳಿರಿಸಿ ಬಾದಾಮಿಗೆ ವಾಪಸು ಕರೆತಂದೆವು. ಮರುದಿನ ಆಕೆಯನ್ನೂ ತಾಯಿಯನ್ನೂ ಬಾಗಲಕೋಟೆಯ ಒಬ್ಬ ಹಿರಿಯ ವೈದ್ಯರ ಬಳಿ ಕರೆದೊಯ್ದೆ. ಅವರು ಕಣ್ಣು ಮುಚ್ಚಿ ಬಹಳ ಹೊತ್ತು ಎದೆ ಆಲಿಸಿದರು; ಎಡಗಡೆ ಮಲಗಿಸಿ ಮತ್ತೊಮ್ಮೆ ಆಲಿಸಿದರು. ಆಮೇಲೆ ತಾಯಿಯನ್ನು ಕೇಳಿದರು: "ಸಣ್ಣಾಕಿ ಇದ್ದಾಗ ಜ್ವರ ಬಂದು ಕೀಲೆಲ್ಲ ಬಾತಿದ್ವೇನವಾ?"

"ಎರಡು ಸರ್ತಿ ಬಂದಿತ್ರಿ. ತಾನ ಹೋತು."

"ಹೋಗಿಲ್ಲ. ಅಲ್ಲೇ ಒಳಗ ಕುಂತೈತಿ. ಎದಿಯೊಳಗ ರಕ್ತ ದಾಟೂ ಒಂದು ಬಾಗಲಾ ಇರ್ತೈತಿ. ಇಕಿದು ಪೂರಾ ತೆರೀವಲ್ದು. ಮಿರಜಕ್ಕ ಹೋಗ್ರಿ, ಆಪರೇಷನ್ ಮಾಡತಾರ. ಈ ಬ್ಯಾಸಗಿ ದಾಟಸಬ್ಯಾಡ್ರಿ." ನನ್ನ ಕಡೆ ತಿರುಗಿ, "ಹಿಮಾಲಯ ಬಿಡ್ರಿ, ಮನಿ ಮಾಳಿಗಿ ಹತ್ತೂದೂ ಹುಷಾರಿಲೆ," ಎಂದರು.

ದವಾಖಾನೆಯ ಹೊರಗೆ ತಾಯಿ ನನ್ನೆದುರು ಕೈ ಮುಗಿದು ನಿಂತಳು. ಪ್ರವಾಸದ ಒಪ್ಪಿಗೆ ಕಾಗದಕ್ಕೆ ರುಜು ಹಾಕುವಾಗ ಇದೇ ತಾಯಿ, "ಕಾಶ್ಮೀರದ ಅರಸ ಶರಣನಾಗಿ ಕಲ್ಯಾಣಕ್ಕ ಬಂದು ಕಟ್ಟಿಗಿ ಹೊತ್ತಾನಂತ. ನನ್ನ ಮಗಳು ಅವನ ಊರು ನೋಡಿ ಬರಲಿ," ಎಂದು ನಕ್ಕಿದ್ದಳು. ಈಗ ಹೇಳಿದಳು: "ಸರ್, ಇದು ಇಲ್ಲೇ ಉಳೀಬೇಕ್ರಿ. ಬಾಗಲಕೋಟಿ ಅರಿವಿ ಅಂಗಡಿಯವರು ಹುಡುಗಿ ಒಪ್ಪಿ ಹೋಗ್ಯಾರ. ಎದಿ ಬ್ಯಾನಿ ಅಂತ ತಿಳದ್ರ ಅವರೂ ಬರೂದಿಲ್ಲ, ಮತ್ತ ಯಾರೂ ಬರೂದಿಲ್ಲ."

ಮಾತು ಕೊಟ್ಟೆ. ಆಮೇಲೆ ಮಾಡಬಾರದ ತಪ್ಪು ಮಾಡಿದೆ. ಎರಡು ದಿನ ಬಿಟ್ಟು, ಹದಿನೇಳು ಹೆಸರಿನ ಹೊಸ ಯಾದಿಯನ್ನು ಕಾಲೇಜಿನ ಫಲಕಕ್ಕೆ ಅಂಟಿಸಿದೆ. ಕಾರಣ ಬರೆಯಲಿಲ್ಲ. ಬಾಯಿ ಮುಚ್ಚಿಕೊಂಡರೆ ಮಾತು ಉಳಿಸಿಕೊಂಡಂತೆ ಎಂದುಕೊಂಡಿದ್ದೆ.

ಪ್ರವಾಸದ ಮಾತು ತೆಗೆದವಳನ್ನೇ ಏಕೆ ಬಿಟ್ಟರು? ಹುಡುಗಿ ಏನೋ ಮಾಡಿರಬೇಕು. ಇಲ್ಲವೆ ಮಾಸ್ತರನೇ ಏನೋ ಮಾಡಿರಬೇಕು. ಬಾದಾಮಿ ಗುಡ್ಡದಲ್ಲಿ ಪೀಟಿ ಸರ್ ಆಕೆಯ ಕೈ ಹಿಡಿದಿದ್ದನ್ನು ಕಣ್ಣಾರೆ ಕಂಡವರಿದ್ದರಂತೆ! ವಾರದೊಳಗೆ ಈ ಮಾತು ಹುನಗುಂದದ ಬಸ್‌ಸ್ಟ್ಯಾಂಡು ದಾಟಿ ಇಳಕಲ್ಲಿಗೆ ಮುಟ್ಟಿತು. ನನಗಾಗ ಮೂವತ್ತು ತುಂಬಿರಲಿಲ್ಲ, ಮದುವೆಯಾಗಿರಲಿಲ್ಲ. ಸ್ಟಾಫ್ ರೂಮಿನಲ್ಲಿ ನಾನು ಒಳಬಂದರೆ ಮಾತು ನಿಲ್ಲುತ್ತಿತ್ತು. ಬಾಗಲಕೋಟೆಯ ಬೀಗರಿಂದ ಒಬ್ಬರು ಬಂದು ತಾಯಿಯನ್ನು ಕೇಳಿ ಹೋದರಂತೆ: "ಹುಡುಗೀನ ಯಾಕ ತಗದ್ರು?"

ಮರುದಿನವೇ ತಾಯಿ ಪ್ರಾಚಾರ್ಯರ ಕೋಣೆಗೆ ಬಂದಳು. ಕೈಯಲ್ಲಿ ಒಂದು ಪ್ರಮಾಣಪತ್ರ. ಎಲ್ಲಿಯ ಡಾಕ್ಟರರೋ, 'ಪ್ರವಾಸಕ್ಕೆ ಯೋಗ್ಯಳು' ಎಂದು ಬರೆದು ಸಹಿ ಹಾಕಿದ್ದರು. ಪ್ರಾಚಾರ್ಯರು ನನ್ನನ್ನು ಕರೆಸಿದರು.

"ಕಾಗದ ಐತಿ. ಹೆಸರು ಹಾಕ್ರಿ, ಊರ ಬಾಯಿ ಮುಚ್ತೈತಿ."

"ಆಗೂದಿಲ್ರಿ ಸರ್."

"ಯಾಕ?"

ತಾಯಿ ನೆಲ ನೋಡುತ್ತಿದ್ದಳು. ನಾನು ಹೇಳಲಾರದವನಾಗಿದ್ದೆ. "ಕಾರಣ ನನ್ನ ಕಡೆ ಕೇಳಬ್ಯಾಡ್ರಿ. ಆ ಹೆಸರು ಯಾದಿಯೊಳಗ ಬಂದ್ರ ನನ್ನ ಹೆಸರು ಹೋಗ್ತೈತಿ. ನಾ ಕರಕೊಂಡ ಹೋಗೂದಿಲ್ಲ."

 ಪ್ರಾಚಾರ್ಯರಿಗೂ ಊರಿನ ಮಾತು ಮುಟ್ಟಿತ್ತು. ನನ್ನ ಹಟ ಅದಕ್ಕೆ ಸಾಕ್ಷಿಯ ಹಾಗೆ ಕಂಡಿರಬೇಕು. "ಶನಿವಾರ ಪಾಲಕರ ಸಭಾ ಕರೀತೇನಿ. ಅಲ್ಲಿ ಎಲ್ಲಾರ ಮುಂದ ಹೇಳ್ರಿ," ಎಂದರು.

ಆ ವಾರವೇ ಕಂಗನ್ನಿಂದ ಉತ್ತರ ಬಂತು, ಉರ್ದುವಿನಲ್ಲಿ. ಇಳಕಲ್ಲಿನ ಉರ್ದು ಶಾಲೆಯ ಮಾಸ್ತರರೊಬ್ಬರ ಬಳಿ ಒಯ್ದೆ. ಅವರು ಕನ್ನಡಕ ಒರೆಸಿಕೊಂಡು ಓದಿ ಹೇಳಿದರು: "ಗುಡೀತನಾ ಖುಷೀಲೆ ಬರ್ರಿ, ಮಲಗಾಕ ಸಾಲಿ ಖೋಲಿ ಕೊಡ್ತೇವಿ ಅಂತ ಬರದಾರ. ಮ್ಯಾಲಿನ ಕೆರಿಗೆ ಮಾತ್ರ ಮೇ ತಿಂಗಳದಾಗ ಹೋಗಬ್ಯಾಡ್ರಿ, ಹಿಮ ಕರಗಿರೂದಿಲ್ಲ, ಕಾಲಿಟ್ಟಲ್ಲಿ ಕುಸೀತೈತಿ. ಮಂದಿ ಮಕ್ಕಳನ್ನ ಕರಕೊಂಡ ಬರೂದು ಜವಾಬ್ದಾರಿ ಕೆಲಸ ಅಂತಾನೂ ಬರದಾರ್ರಿ."

ಕಾಗದ ಮಡಚಿ ಕಿಸೆಯಲ್ಲಿಟ್ಟುಕೊಂಡು ಅಲ್ಲಿಂದ ನೇರ ಹುಡುಗಿಯ ಮನೆಗೆ ನಡೆದೆ. ದಾರಿಯಲ್ಲಿ ಒಂದು ಉಪಾಯ ಹೊಳೆದಿತ್ತು. ಅದನ್ನು ಇಂದಿಗೂ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ, ಆದರೆ ಆಗ ಬಿಡುಗಡೆಯ ಹಾಗೆ ಕಂಡಿತ್ತು.

ತಾಯಿ ಮಗ್ಗದಲ್ಲಿದ್ದಳು. ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಒಂದೊಂದಾಗಿ ಕೂಡಿಸುವ ಕೊಂಡಿಯ ಕೆಲಸ, ನಡುವೆ ಏಳುವಂತಿಲ್ಲ. ಮುಖ ಎತ್ತದೆ, "ಕುಂದರ್ರಿ" ಎಂದಳು. ಮಗಳು ಗೋಡೆಗೆ ಆತು ಕುಳಿತಿದ್ದಳು.

"ಪ್ರವಾಸಾನ ರದ್ದು ಮಾಡತೇನಿ," ಎಂದೆ. "ಕಾಶ್ಮೀರದಿಂದ ಕಾಗದ ಬಂದೈತಿ. ಹಿಮ ಭಾಳ ಐತಿ, ಬರಬ್ಯಾಡ್ರಿ ಅಂತ ಬರದಾರ ಅಂತ ಹೇಳತೇನಿ. ಉರ್ದು ಐತಿ, ಯಾರೂ ಓದೂದಿಲ್ಲ. ಪ್ರವಾಸ ಇಲ್ಲಂದ್ರ ಯಾದಿ ಇಲ್ಲ. ಯಾದಿ ಇಲ್ಲಂದ್ರ ಯಾರೂ ನಿನ್ನ ಕೇಳೂದಿಲ್ಲ."

ತಾಯಿಯ ಬೆರಳು ನಿಂತವು. ಅವಳ ಮುಖದಲ್ಲಿ ಆಸೆ ಮೂಡಿದ್ದನ್ನು ನೋಡಿದೆ.

"ಖರೇನ ಹಂಗ ಬರದಾರೇನ್ರಿ?" ಎಂದು ಮಗಳು ಕೇಳಿದಳು.

"ಮ್ಯಾಲಿನ ಕೆರಿಗೆ ಬ್ಯಾಡ ಅಂತ ಬರದಾರ."

"ಗುಡಿಗೆ?"

ನನ್ನ ಕೈ ಕಿಸೆಯಲ್ಲಿದ್ದ ಕಾಗದದ ಮೇಲೆ ಹೋಯಿತು.

"ಬರ್ರಿ ಅಂತ ಬರದಾರ, ಹೌದಲ್ರಿ?" ಎಂದಳು. "ನಾ ನಾಕು ವಾರ ಸುಳ್ಳ ಬರಸೀನ್ರಿ ಸರ್. ಅದಕ್ಕ ನನ್ನ ಗೆಳತಿ ಸುಳ್ಳ ಬರದ್ಲು. ನಮ್ಮವ್ವ ಸುಳ್ಳ ಕಾಗದ ತಂದ್ಲು. ಈಗ ನೀವೂ ಹದಿನೇಳು ಮಂದಿಗೆ ಸುಳ್ಳ ಹೇಳತೇನಿ ಅಂತೀರಿ. ನನ್ನ ಸಲುವಾಗಿ ಬ್ಯಾಡ್ರಿ."

"ಹಂಗಿದ್ರ ಬೀಗರಿಗೆ ಏನ್ ಹೇಳ್ಲೇ?" ಎಂದಳು ತಾಯಿ.

 ನಾನು ಎದ್ದು ಬಂದೆ. ಶನಿವಾರ ಏನು ಹೇಳಬೇಕೆಂದು ನನಗೆ ಗೊತ್ತಿರಲಿಲ್ಲ.

ಸಭೆ ಮಧ್ಯಾಹ್ನ ಮೂರಕ್ಕೆ, ಕಾಲೇಜಿನ ಹಾಲಿನಲ್ಲಿ. ಏಪ್ರಿಲ್ ಬಿಸಿಲು. ಪಾಲಕರು ಟೋಪಿ, ರುಮಾಲು ತೆಗೆದು ಗಾಳಿ ಹಾಕಿಕೊಳ್ಳುತ್ತಿದ್ದರು. ಬಾಗಲಕೋಟೆಯ ಬೀಗರಿಬ್ಬರು ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು. ಯಾರು ಕರೆದರೋ ಗೊತ್ತಿಲ್ಲ. ನಾನು ದಾರಿ, ಬಸ್ಸು, ಬಟ್ಟೆಬರೆ ಎಲ್ಲ ವಿವರಿಸಿದೆ. ಮೇಲಿನ ಕೆರೆಯನ್ನು ಕೈಬಿಟ್ಟಿದ್ದೇವೆ ಎಂದೆ; ಹುಡುಗರು ಗೊಣಗಿದರು. ಆಗ ಒಬ್ಬ ಪಾಲಕರು ಎದ್ದು ನಿಂತರು.

"ಅದೆಲ್ಲಾ ಇರ್ಲಿ ಮಾಸ್ತರ. ಇಳಕಲ್ ಹುಡುಗೀನ ಯಾಕ ತಗದ್ರಿ ಅನ್ನೂದು ಮೊದಲ ಹೇಳ್ರಿ. ನಮ್ಮನೀ ಹೆಣ್ಣುಮಗಳೂ ನಿಮ್ಮ ಜೋಡಿ ಬರಾಕಿ ಅದಾಳ."

 ಎಲ್ಲರ ಕಣ್ಣು ನನ್ನ ಮೇಲೆ.  "ಕಾರಣ ನನ್ನೊಳಗ ಇರ್ಲಿ" ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಹುಡುಗಿಯರ ಸಾಲಿನಲ್ಲಿ ಆಕೆ ಎದ್ದು ನಿಂತಿದ್ದಳು, ಮುಂದಿನ ಬೆಂಚನ್ನು ಎರಡೂ ಕೈಯಲ್ಲಿ ಹಿಡಿದು.

"ನಾ ಹೇಳತೇನ್ರಿ. ನನಗ ಎದಿ ಬ್ಯಾನಿ ಐತಿ. ಬಾಗಲಕೋಟಿ ಡಾಕ್ಟರು ನೋಡಿ ಹೇಳ್ಯಾರ. ಆಪರೇಷನ್ ಆಗಬೇಕು. ನಾ ಮುಚ್ಚಿಟ್ಟು ನಾಡಿ ಸುಳ್ಳ ಬರಸಿದ್ನಿ, ಸರ್ ಹಿಡದ್ರು. ಯಾರಿಗೂ ಹೇಳಬ್ಯಾಡ್ರಿ ಅಂತ ನಾವ ಕೈ ಮುಗದಿದ್ವಿ, ಅದಕ್ಕ ಅವರು ಹೇಳಿಲ್ಲ." ಉಸಿರು ತೆಗೆದುಕೊಂಡಳು. "ಗುಡ್ಡದಾಗ ಅವರು ನನ್ನ ಕೈ ಹಿಡದಿದ್ದು ಖರೆ. ನಾಡಿ ನೋಡಾಕ."

ಕುಳಿತುಬಿಟ್ಟಳು. ಕಮತಗಿಯ ಗೆಳತಿ ಆಕೆಯ ಬೆನ್ನ ಮೇಲೆ ಕೈಯಿಟ್ಟಳು. ಹಿಂದಿನ ಬೆಂಚಿನಲ್ಲಿ ಬೀಗರಿಬ್ಬರೂ ಸದ್ದಿಲ್ಲದೆ ಎದ್ದು ಹೊರಗೆ ಹೋದರು. ಬಾಗಿಲ ಬಳಿ ನಿಂತಿದ್ದ ತಾಯಿ ಅವರಿಗೆ ದಾರಿ ಬಿಟ್ಟಳು. ಪ್ರಶ್ನೆ ಕೇಳಿದ ಪಾಲಕರು ಇನ್ನೂ ನಿಂತೇ ಇದ್ದರು. ಕುಳಿತುಕೊಳ್ಳಲು ಅವರಿಗೆ ನೆನಪಾಗಲಿಲ್ಲ.

ಸಭೆ ಮುಗಿದ ಮೇಲೆ ನನ್ನ ಆಟದ ಸಾಮಾನಿನ ಖೋಲಿಯಲ್ಲಿ ಕುಳಿತಿದ್ದೆ. ಬಾಗಿಲು ತಟ್ಟಿದ ಸದ್ದಾಯಿತು. ಕಬಡ್ಡಿ ತಂಡದ ಹುಡುಗ, ಎಲ್ಲರಿಗಿಂತ ಚೆನ್ನಾಗಿ ಮೆಟ್ಟಿಲು ಹತ್ತಿದವನು. "ಸರ್, ನನಗ ಥಂಡಿ ಹವಾಕ್ಕ ಉಬ್ಬಸ ಬರ್ತೈತ್ರಿ. ಬ್ಯಾಸಗಿಯೊಳಗ ಇರೂದಿಲ್ಲ, ಅದಕ್ಕ ಹೇಳಿದ್ದಿಲ್ಲ." ತಾನೇ ಪುಸ್ತಕ ತೆರೆದು ತನ್ನ ಹೆಸರಿನ ಮೇಲೆ ಗೆರೆ ಎಳೆದು ಹೋದ.

ಅವನ ಹಿಂದೆಯೇ ಇತಿಹಾಸದ ಪ್ರಾಧ್ಯಾಪಕರು ಬಂದರು. ಬಾಗಿಲು ಹಾಕಿಕೊಂಡು ಸ್ಟೂಲಿನ ಮೇಲೆ ಕುಳಿತರು.

"ಎಲ್ಲಾರ ನಾಡಿ ನೋಡಿದ್ರಿ. ನಂದ್ಯಾಕ ನೋಡಲಿಲ್ಲ?"

"ನೀವು ಹಿರಿಯಾರು…"

"ಅದಕ್ಕ ನೋಡಬೇಕಾಗಿತ್ತು. ಹೋದ ವರ್ಷದಿಂದ ಏರು ಹತ್ತಿದ್ರ ಎಡಗೈ ಹಿಡೀತೈತಿ. ನಿಂತರ ಬಿಡ್ತೈತಿ. ಶಿವಾಲಯದ ಮೆಟ್ಟಲಿಗೆ ನಾ ಶಾಸನ ಓದತೇನಿ ಅಂತ ಕೆಳಗ ಕುಂದರತಿದ್ನಲ್ಲಾ, ಅದು ಶಾಸನಕ್ಕ ಅಲ್ಲ."

ನನಗೆ ನಗಬೇಕೋ ಹೆದರಬೇಕೋ ತಿಳಿಯಲಿಲ್ಲ. ಇಡೀ ಯೋಜನೆಯಲ್ಲಿ ಹುಡುಗರ ಎದೆಯನ್ನಷ್ಟೇ ಅಳೆದಿದ್ದೆ; ಅವರನ್ನು ಕರೆದೊಯ್ಯುವವರ ಎದೆಯನ್ನು ಕೇಳಿಯೇ ಇರಲಿಲ್ಲ. ಸೋಮವಾರ ಅವರನ್ನು ಅದೇ ಬಾಗಲಕೋಟೆಯ ವೈದ್ಯರಲ್ಲಿಗೆ ಕರೆದೊಯ್ದೆ. ಶ್ರೀನಗರದವರೆಗೆ ಹೋಗಬಹುದು, ಏರು ನಡೆಯಬಾರದು ಎಂದಾಯಿತು. ನಾನೂ ತೋರಿಸಿಕೊಂಡೆ. ಆಮೇಲೆ ಪ್ರತಿಯೊಬ್ಬರನ್ನೂ, ಪುಸ್ತಕದ ಅಂಕಿ ನಂಬದೆ, ಒಬ್ಬೊಬ್ಬರಾಗಿ ವೈದ್ಯರ ಎದುರು ಕೂರಿಸಿದೆ. ಶ್ರೀನಗರದ ತಂಗುವಿಕೆಗೆ ಒಂದು ದಿನ ಹೆಚ್ಚಿಸಿದೆ. ಚೀಲ ಹೊರಲು ಕಂಗನ್ನಿನಲ್ಲಿ ಕುದುರೆಗಳನ್ನು ಗೊತ್ತುಮಾಡಲು ಮುಖ್ಯಾಧ್ಯಾಪಕರಿಗೆ ಕಾಗದ ಬರೆದೆ. ಈ ಸಲ ಉರ್ದು ಮಾಸ್ತರರೇ ಬರೆದುಕೊಟ್ಟರು.

ಕಮತಗಿಯ ಗೆಳತಿ ತಾನಾಗಿಯೇ ಹೆಸರು ತೆಗೆಸಿದಳು. "ಮಿರಜಕ್ಕ ಅಕಿ ಜೋಡಿ ಒಬ್ಬರು ಬೇಕಲ್ರಿ," ಎಂದಳು. ಹದಿನೆಂಟು ಹೋಗಿ ಹದಿನೈದಾಯಿತು.

ಆಕೆ ಮಿರಜದ ಆಸ್ಪತ್ರೆ ಸೇರುವ ದಿನವೂ ನಾವು ಹೊರಡುವ ದಿನವೂ ಒಂದರ ಹಿಂದೊಂದು ಬಂದವು. ಬಾಗಲಕೋಟೆಯಿಂದ ಒಂದೇ ಗಾಡಿಯಲ್ಲಿ ಹೊರಟೆವು. ವಿಜಾಪುರದಲ್ಲಿ ಅವರು ಮೂವರು ಇಳಿದು ಮಿರಜದ ಬಸ್ಸು ಹಿಡಿಯಬೇಕು. ಡಬ್ಬಿಯಲ್ಲಿ ಹುಡುಗರು ಮೊದಮೊದಲು ಆಕೆಯ ಹತ್ತಿರ ಕೂರಲು ಅಂಜಿದರು. ಆಕೆಯೇ ಕರೆದಳು. ಮುರಿದ ಗೋಡೆಯನ್ನು ಎಲ್ಲಿಂದ ಅಳೆಯಬೇಕು, ಬಿದ್ದ ಕಲ್ಲನ್ನು ನಕ್ಷೆಯಲ್ಲಿ ಹೇಗೆ ತೋರಿಸಬೇಕು ಎಂದು ಕೃಷ್ಣೆಯ ಸೇತುವೆ ದಾಟುವವರೆಗೂ ಹೇಳಿಕೊಟ್ಟಳು. ನಡುನಡುವೆ ಕಣ್ಣು ಮುಚ್ಚಿ ಸುಧಾರಿಸಿಕೊಳ್ಳುತ್ತಿದ್ದಳು. ತಾಯಿ ಕಿಟಕಿಯ ಬಳಿ ಕುಳಿತು ಹೊರಗೆ ನೋಡುತ್ತಿದ್ದಳು. ಸಭೆಯ ದಿನದಿಂದ ಆಕೆ ನನ್ನೊಡನೆ ಒಂದು ಮಾತೂ ಆಡಿರಲಿಲ್ಲ. ವಿಜಾಪುರದಲ್ಲಿ ಇಳಿಯುವಾಗಲೂ ಆಡಲಿಲ್ಲ.

ಶ್ರೀನಗರದಲ್ಲಿ ದಿನಾಲು ಬೆಳಿಗ್ಗೆ, ಮಧ್ಯಾಹ್ನ ದೊಡ್ಡ ಅಂಚೆ ಕಚೇರಿಗೆ ಹೋಗಿ ನಿಲ್ಲುವುದು ನನ್ನ ಕೆಲಸವಾಯಿತು. ಮಿರಜದಿಂದ ಬರಬೇಕಿದ್ದ ತಂತಿ ಮೊದಲ ದಿನ ಇಲ್ಲ. ಎರಡನೆಯ ದಿನ ಇಲ್ಲ. ಮೂರನೆಯ ದಿನ ಗುಮಾಸ್ತ ನನ್ನನ್ನು ಕಂಡು ದೂರದಿಂದಲೇ ತಲೆಯಾಡಿಸಿದ. ಹುಡುಗರು ಸರೋವರ, ತೋಟ ನೋಡಿ ಬಂದು, ತಂತಿ ಬಂತೇನ್ರಿ ಎಂದು ಕೇಳುತ್ತಿದ್ದರು. ನಾಲ್ಕನೆಯ ದಿನ ಮಧ್ಯಾಹ್ನ ಗುಮಾಸ್ತ ಕೈಬೀಸಿ ಕರೆದ.  ಅಂದು ಜೊತೆಗೆ ಬಂದಿದ್ದ ಪ್ರಾಧ್ಯಾಪಕರು ಲಕೋಟೆ ಇಸಿದುಕೊಂಡು ಒಡೆದರು. ಕಳಿಸಿದವಳು ಗೆಳತಿ. ತಂತಿಯಲ್ಲಿದ್ದುದು ಇಷ್ಟೇ: ಆಪರೇಷನ್ ಆಯಿತು, ಎಚ್ಚರವಾಗಿದ್ದಾಳೆ, ಮಾತಾಡುತ್ತಾಳೆ. ಪ್ರಾಧ್ಯಾಪಕರು ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಕುಳಿತು ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡರು.

ಎರಡು ದಿನದ ಮೇಲೆ ಪ್ರಾಧ್ಯಾಪಕರನ್ನು ಶ್ರೀನಗರದಲ್ಲೇ ಬಿಟ್ಟು ಹದಿನೈದು ಜನರೊಡನೆ ನಾರಾನಾಗಕ್ಕೆ ಹೋದೆ. ಮೂರು ದಿನ ಅಳತೆ ಮಾಡಿದೆವು. ಒಬ್ಬನಿಗೆ ತಲೆನೋವು ಬಂತು, ಬಂದ ಕೂಡಲೆ ಹೇಳಿದ, ಕೂಡಲೆ ಕೆಳಗಿಳಿಸಿದೆ. ಹದಿನೈದೂ ಜನ ವಾಪಸು ಬಂದರು.

ಊರಿಗೆ ಬಂದ ವಾರಕ್ಕೆ ಇಳಕಲ್ಲಿಗೆ ಹೋದೆ. ಹುಡುಗಿ ಹೊರಸಿನ ಮೇಲೆ ಗೋಡೆಗೊರಗಿ ಕುಳಿತಿದ್ದಳು. ಬಹಳ ಸೊರಗಿದ್ದಳು, ಆದರೆ ತುಟಿಯ ಬಣ್ಣ ಬೇರೆಯಾಗಿತ್ತು. ಹುಡುಗರು ತಂದ ಅಳತೆಯ ಹಾಳೆಗಳನ್ನು ಹೊರಸಿನ ತುಂಬ ಹರಡಿ, ಎರಡು ಕಡೆ ತಪ್ಪು ಹುಡುಕಿದಳು. ಒಂದು ಗೋಡೆಯ ದಪ್ಪ ಬರೆದೇ ಇರಲಿಲ್ಲ. "ಇದರ ಸಲುವಾಗಿ ಮತ್ತ ಹೋಗಬೇಕಾಗ್ತೈತಲ್ರಿ," ಎಂದು ನಕ್ಕಳು. ನಗುವಾಗ ಉಸಿರು ಹುಡುಕಲಿಲ್ಲ.

ಬಾಗಲಕೋಟೆಯವರು ಮತ್ತೆ ಬಂದಿರಲಿಲ್ಲ. ಬೇರೆ ಹುಡುಗಿಯನ್ನು ಗೊತ್ತು ಮಾಡಿದ್ದರು.

ಹೊರಡುವಾಗ ತಾಯಿ ಬಾಗಿಲವರೆಗೆ ಬಂದಳು. ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಸಭೆಯ ದಿನದ ನಂತರ ಮೊದಲ ಸಲ ನನ್ನೊಡನೆ ಮಾತಾಡಿದಳು.

"ಮದಿವಿ ಮುರೀತ್ರಿ ಸರ್. ಮಗಳು ಉಳದ್ಲು. ಹಗಲೆಲ್ಲಾ ನಿಮಗ ಬೈತೇನಿ, ಸಂಜಿಗೆ ದೀಪಾ ಹಚ್ಚೂ ಮುಂದ ನಿಮಗ ಛಲೋ ಆಗ್ಲಿ ಅಂತೇನಿ. ಎರಡೂ ಖರೇನ ಅದಾವ್ರಿ."

 ಕೈ ಮುಗಿದು ಹೊರಗೆ ಬಂದೆ.